ಸಂತೆಯ ಮಾತು, ಕೋರ್ಟಿನ ಅರ್ಥ

ವೀಳ್ಯದೆಲೆ ತರಕಾರಿಯೇ? ಚನ್ನಗಿರಿ ಸಂತೆಯಲ್ಲಿ ಯಾರನ್ನಾದರೂ ಹೀಗೆ ಕೇಳಿದರೆ ‘ಇವರಿಗೇನಾಯ್ತಪ್ಪ’ ಎಂಬಂತೆ ಮುಖ ನೋಡಿಯಾರು. ಬದನೆ, ಬೆಂಡೆ, ಸೊಪ್ಪು ಹರವಿಕೊಂಡವರ ಸಾಲೇ ಬೇರೆ, ಒದ್ದೆ ಗೋಣಿತಾಟಿನ ಮೇಲೆ ಎಲೆಯ ಕಟ್ಟು ಜೋಡಿಸಿಟ್ಟು ಕೂತವರ ಜಾಗವೇ ಬೇರೆ. ಆದರೂ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 1961ರಲ್ಲಿ ತೀರ್ಪೂ ಬಂತು.

ಅದು ಅಕೋಲಾದ ಎಲೆ ವ್ಯಾಪಾರಿಯ ವ್ಯಾಜ್ಯ. ಮಧ್ಯಪ್ರಾಂತ್ಯ ಮತ್ತು ಬೇರಾರ್‌ನ 1947ರ ಮಾರಾಟ ತೆರಿಗೆ ಕಾಯ್ದೆಯಲ್ಲಿ ತರಕಾರಿಗೆ ತೆರಿಗೆ ಇರಲಿಲ್ಲ. ವೀಳ್ಯದೆಲೆಗೂ ಮೊದಲು ಪ್ರತ್ಯೇಕವಾಗಿ ವಿನಾಯಿತಿ ಇತ್ತು, ಆಮೇಲೆ ಅದನ್ನು ಪಟ್ಟಿಯಿಂದ ತೆಗೆದರು. ಎಲೆ ಬಳ್ಳಿಯಲ್ಲಿ ಬಿಡುತ್ತದೆ, ಹಸಿರಾಗಿದೆ, ಬಾಯಿಗೂ ಹಾಕಿಕೊಳ್ಳುತ್ತೇವೆ, ಹಾಗಾದರೆ ಅದೂ ‘ವೆಜಿಟಬಲ್’ ತಾನೆ ಎಂಬುದು ವ್ಯಾಪಾರಿಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ಸಸ್ಯಶಾಸ್ತ್ರಜ್ಞ ಏನನ್ನುತ್ತಾನೆ ಎಂಬುದು ಇಲ್ಲಿ ಬೇಕಿಲ್ಲ, ಹಿತ್ತಲಿನಲ್ಲೋ ಹೊಲದಲ್ಲೋ ಬೆಳೆದು ಊಟದ ಪದಾರ್ಥವಾಗುವುದನ್ನೇ ಜನ ತರಕಾರಿ ಎನ್ನುತ್ತಾರೆ, ಆ ಅರ್ಥವನ್ನೇ ಹಿಡಿಯಬೇಕು ಎಂದಿತು. ಎಲೆಗೆ ತೆರಿಗೆ ಬಿತ್ತು.

ವಕೀಲರು ‘ಕಾಮನ್ ಪಾರ್ಲೆನ್ಸ್ ಟೆಸ್ಟ್’ ಎಂದು ಕರೆಯುವ ಆಡುಮಾತಿನ ಒರೆಗಲ್ಲು ಇದೇ. ಕಾಯ್ದೆ ಒಂದು ಪದ ಬಳಸಿ ಅದಕ್ಕೆ ವ್ಯಾಖ್ಯೆ ಕೊಡದಿದ್ದರೆ ಆ ವಸ್ತುವನ್ನು ಕೊಳ್ಳುವವರು, ಮಾರುವವರು ಅದನ್ನು ಏನೆಂದು ತಿಳಿದಿದ್ದಾರೋ ಅದೇ ಅರ್ಥ. ಅಮೆರಿಕದ ಸುಪ್ರೀಂ ಕೋರ್ಟ್ 1893ರಲ್ಲಿ ಟೊಮೆಟೊ ವಿಷಯದಲ್ಲಿ ಇದನ್ನೇ ಹೇಳಿತ್ತು. ಬಳ್ಳಿಯ ಹಣ್ಣಾದರೂ ಜನ ಅದನ್ನು ಊಟದ ಜತೆಗೆ ತಿನ್ನುತ್ತಾರೆ, ಆದ್ದರಿಂದ ತರಕಾರಿ, ಆಮದು ಸುಂಕ ಕಟ್ಟಿ ಎಂದಿತ್ತು. ನಮ್ಮಲ್ಲಿ 1962ರಲ್ಲಿ ಕಬ್ಬು ‘ಹಸಿರು ತರಕಾರಿ’ ಅಲ್ಲವೆಂದಾಯಿತು. 1967ರಲ್ಲಿ ಇದ್ದಿಲೂ ಕಲ್ಲಿದ್ದಲಿನ ಪದದಡಿ ಬರುತ್ತದೆ ಎಂದಾಯಿತು. 1977ರಲ್ಲಿ ಹಸಿ ಶುಂಠಿ ತರಕಾರಿ ಎನಿಸಿಕೊಂಡಿತು. ಈ ಶುಂಠಿ ಪ್ರಕರಣ ಪಶ್ಚಿಮ ಬಂಗಾಳದ್ದು. ಅಲ್ಲಿನ ತೆರಿಗೆ ಪಟ್ಟಿ ಇಂಗ್ಲಿಷಿನಲ್ಲಿದ್ದರೂ ‘ಸಬ್ಜಿ, ತರ್ಕಾರಿ, ಶಾಕ್ ಎಂದು ಜನ ಕರೆಯುವಂಥದ್ದು’ ಎಂದು ಊರಿನ ಮಾತನ್ನೇ ಒಳಗೆ ಸೇರಿಸಿಕೊಂಡಿತ್ತು.

ಕೇಳಲು ಹಿತವಾಗಿದೆ. ಕಾನೂನಿನ ಕೊನೆಯ ಅರ್ಥಕೋಶ ಜನರ ಬಾಯಿ ಎಂದ ಹಾಗಾಯಿತು. ಆದರೆ ಯಾವ ಜನರ ಬಾಯಿ? ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ದಿನಾ ಓಡಾಡುವ ನಾಲ್ಕೆಂಟು ಪದಗಳನ್ನು ಹಿಡಿದು ನೋಡಿದರೆ ಈ ಒರೆಗಲ್ಲಿನ ಬಲವೂ ಕಾಣುತ್ತದೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ಕಾಣುತ್ತದೆ.

ಅಡಿಕೆ ಯಾವಾಗ ಅಡಿಕೆಯಾಗಿ ಉಳಿಯುವುದಿಲ್ಲ?

ಚನ್ನಗಿರಿಯೆಂದರೆ ಅಡಿಕೆ. ಇಲ್ಲಿನ ತೋಟದ ಉತ್ಪನ್ನಗಳ ಮಾರಾಟ ಸಹಕಾರ ಸಂಘವನ್ನು ಎಲ್ಲರೂ ‘ತುಮ್‌ಕೋಸ್’ ಎಂದೇ ಕರೆಯುತ್ತಾರೆ. ಅಲ್ಲಿಗೆ ಬರುವ ಮಾಲನ್ನು ಯಾರೂ ಬರೀ ಅಡಿಕೆ ಎಂದು ಸುಮ್ಮನಾಗುವುದಿಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಬಗೆ ಬಗೆ, ಬಗೆಗೊಂದು ಧಾರಣೆ. ಹಸಿ ಕಾಯಿ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿದ ಮೇಲೆ ಅದು ಕೆಂಪಡಿಕೆ. ಇಷ್ಟೆಲ್ಲ ಮಾಡಿದ ಮೇಲೂ ಅದು ಬೆಳೆಗಾರನ ಬೆಳೆಯೋ, ಕಾರ್ಖಾನೆಯ ಸರಕೋ?

1961ರ ಆದಾಯ ತೆರಿಗೆ ಕಾಯ್ದೆ ಇದಕ್ಕೆ ಕೊಟ್ಟ ಉತ್ತರದಲ್ಲಿ ಜಾಣತನವಿದೆ. ಬೆಳೆಯನ್ನು ಮಾರುಕಟ್ಟೆಗೆ ಒಯ್ಯಲು ತಕ್ಕಂತೆ ಮಾಡಲು ಬೆಳೆಗಾರರು ‘ಸಾಮಾನ್ಯವಾಗಿ’ ಅನುಸರಿಸುವ ಸಂಸ್ಕರಣೆ ಯಾವುದೋ ಅದರಿಂದ ಬರುವ ಆದಾಯವೂ ಕೃಷಿ ಆದಾಯವೇ ಎಂದು ಅದು ಹೇಳಿತು. ‘ಸಾಮಾನ್ಯವಾಗಿ’ ಎಂಬುದು ಎಷ್ಟು ಎಂದು ಕಾಯ್ದೆ ಹೇಳಲಿಲ್ಲ, ಅದನ್ನು ರೈತರ ರೂಢಿಗೆ ಬಿಟ್ಟಿತು. ಬೇಯಿಸಿ ಒಣಗಿಸುವುದು ಇಲ್ಲಿನ ಪ್ರತಿ ಬೆಳೆಗಾರನ ಮನೆಯ ಅಂಗಳದ ಕೆಲಸ. ಅದನ್ನು ಉದ್ಯಮ ಎಂದು ಯಾರೂ ಕರೆದಿಲ್ಲ.

ಮುಂದಿನ ಹಂತದಲ್ಲಿ ಜಗಳ ಬಂತು. ಆಂಧ್ರದ ಅಡಿಕೆಪುಡಿ ಕಂಪನಿಯೊಂದು ಒಣ ಅಡಿಕೆಯನ್ನು ಚೂರು ಮಾಡಿ, ಜರಡಿ ಹಿಡಿದು, ಎಣ್ಣೆ, ಮೆಂಥಾಲ್, ಸಿಹಿ ಸೇರಿಸಿ ಪೊಟ್ಟಣ ಕಟ್ಟುತ್ತಿತ್ತು. ಇದು ಹೊಸ ವಸ್ತುವಿನ ತಯಾರಿಕೆ, ಅಬಕಾರಿ ಸುಂಕ ಕಟ್ಟಿ ಎಂದಿತು ಇಲಾಖೆ. 2007ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚೂರಾದರೂ, ಸಿಹಿಯಾದರೂ ಅಡಿಕೆ ಅಡಿಕೆಯಾಗಿಯೇ ಉಳಿದಿದೆ ಎಂದಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಅಡಿಕೆಗೆ ಏಲಕ್ಕಿ, ಕೊಬ್ಬರಿ, ಮೆಂಥಾಲ್, ಸಿಹಿ ಇತ್ಯಾದಿ ಬೆರೆಸುವುದನ್ನು ‘ತಯಾರಿಕೆ’ ಎಂದೇ ಪರಿಗಣಿಸಬೇಕು ಎಂಬ ಟಿಪ್ಪಣಿಯನ್ನು ಸರ್ಕಾರ ಮುಂದೆ ಅಬಕಾರಿ ಸುಂಕಪಟ್ಟಿಗೆ ಸೇರಿಸಿತು. ಆಡುಮಾತಿನ ಅರ್ಥದ ಮಿತಿ ಇದು. ಶಾಸಕಾಂಗ ಬಾಯಿ ಮುಚ್ಚಿಕೊಂಡಿರುವಷ್ಟು ಹೊತ್ತು ಮಾತ್ರ ಅದು ಆಳುತ್ತದೆ. ವ್ಯಾಖ್ಯೆ ಬರೆದ ಕ್ಷಣ ಕೆಳಗಿಳಿಯುತ್ತದೆ.

ಚನ್ನಗಿರಿ ಬೆಳೆಗಾರನಿಗೆ ಇದು ದೂರದ ಸುದ್ದಿಯಲ್ಲ. ಆಮದಾಗುವ ಅಡಿಕೆಯನ್ನು ಬಂದರಿನಲ್ಲಿ ಏನೆಂದು ಕರೆಯುತ್ತಾರೆ ಎಂಬುದರ ಮೇಲೆ ಇಲ್ಲಿನ ಧಾರಣೆ ಅಲುಗಾಡುತ್ತದೆ. ಸುಂಕಪಟ್ಟಿಯ 8ನೇ ಅಧ್ಯಾಯದಲ್ಲಿ ‘ಅಡಿಕೆ’ ಇದೆ. 21ನೇ ಅಧ್ಯಾಯದಲ್ಲಿ ‘ಸುಪಾರಿ ಎಂದು ಕರೆಯಲಾಗುವ ಅಡಿಕೆ ಉತ್ಪನ್ನ’ ಇದೆ. ಬೇಯಿಸಿದ ಅಡಿಕೆ, ಪರಿಮಳ ಸವರಿದ ಅಡಿಕೆ ಇವೆರಡರಲ್ಲಿ ಯಾವುದು ಎಂಬ ತಗಾದೆ ಕಸ್ಟಮ್ಸ್ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಎದ್ದಿದೆ. ವಿದೇಶಿ ಅಡಿಕೆ ಅಗ್ಗವಾಗಿ ನುಗ್ಗದಿರಲೆಂದು ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿತು. ಅಂಥ ಬೇಲಿಯೂ ‘ಅಡಿಕೆ’ ಎಂಬ ಪದ ಎಲ್ಲಿಯವರೆಗೆ ಚಾಚಿಕೊಳ್ಳುತ್ತದೋ ಅಲ್ಲಿಯವರೆಗೆ ಮಾತ್ರ. ಚೊಗರಿನಲ್ಲಿ ಬೇಯಿಸಿದ್ದು ಅಡಿಕೆಯೇ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಆ ತಿಳಿವಳಿಕೆ ಬಂದರಿನ ಕಡತಕ್ಕೆ ತಾನಾಗಿ ಹೋಗಿ ಸೇರುವುದಿಲ್ಲ.

ಭತ್ತ ಅಕ್ಕಿಯಲ್ಲ, ಅವಲಕ್ಕಿ ಅಕ್ಕಿ

ಹೊನ್ನಾಳಿಯ ಗದ್ದೆಗಳಿಗೆ ಭದ್ರಾ ನಾಲೆಯ ನೀರಿದೆ, ಪಕ್ಕದಲ್ಲಿ ತುಂಗಭದ್ರೆ. ಇಲ್ಲಿ ಭತ್ತ ಬೆಳೆಯುತ್ತದೆ. ಜಿಲ್ಲೆಯ ಮುಖ್ಯಪಟ್ಟಣವಂತೂ ಮಂಡಕ್ಕಿ ಭಟ್ಟಿಗಳಿಗೆ, ಮಂಡಕ್ಕಿ–ಮೆಣಸಿನಕಾಯಿಗೆ ಹೆಸರಾದದ್ದು. ಭತ್ತ, ಅಕ್ಕಿ, ಅವಲಕ್ಕಿ, ಮಂಡಕ್ಕಿ ನಾಲ್ಕೂ ಒಂದೇ ಪೈರಿನವು. ಕಾನೂನಿಗೆ ಅವು ಒಂದೋ, ನಾಲ್ಕೋ?

ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಭತ್ತ ಬೇರೆ, ಅಕ್ಕಿ ಬೇರೆ ಎಂದಿತು. ಹೊಟ್ಟು ತೆಗೆದೊಡನೆ ವಸ್ತುವಿನ ಗುರುತೇ ಬದಲಾಯಿತು ಎಂಬುದು ಕಾರಣ. 1978ರಲ್ಲಿ ಆಂಧ್ರದ ವ್ಯಾಪಾರಿಗಳು ‘ಅಟುಕುಲು’, ‘ಮುರಮುರಾಲು’ ಹಿಡಿದುಕೊಂಡು ಬಂದರು. ನಮ್ಮ ಅವಲಕ್ಕಿ, ಮಂಡಕ್ಕಿಯೇ ಅವು. ಇವು ಅಕ್ಕಿಯಲ್ಲ, ಬೇರೆ ದರದ ತೆರಿಗೆ ಕಟ್ಟಿ ಎಂದಿತ್ತು ಸರ್ಕಾರ. ಅಕ್ಕಿ ಎಂಬ ಪದದೊಳಗೆ ಇವೂ ಬರುತ್ತವೆ ಎಂದಿತು ನ್ಯಾಯಾಲಯ.

ಎರಡು ತೀರ್ಪನ್ನೂ ಪಕ್ಕಪಕ್ಕ ಇಟ್ಟರೆ ತಲೆ ಕೆರೆದುಕೊಳ್ಳುವಂತಾಗುತ್ತದೆ. ಹೊಟ್ಟು ಬಿಟ್ಟ ಮಾತ್ರಕ್ಕೆ ಭತ್ತ ಬೇರೆಯಾಯಿತು. ಉಬ್ಬಿ ಹಗುರಾಗಿ ರೂಪವೇ ಬದಲಾದರೂ ಮಂಡಕ್ಕಿ ಅಕ್ಕಿಯಾಗಿಯೇ ಉಳಿಯಿತು. ಆದರೆ ನಮ್ಮ ಮಾತನ್ನೇ ಕೇಳಿ ನೋಡಿ. ‘ಮಂಡಕ್ಕಿ’, ‘ಅವಲಕ್ಕಿ’ ಎರಡರ ಬಾಲದಲ್ಲೂ ಅಕ್ಕಿ ಕೂತಿದೆ. ಭತ್ತದಲ್ಲಿ ಇಲ್ಲ. ಭತ್ತದ ಲಾರಿಯನ್ನು ಅಕ್ಕಿ ಲಾರಿ ಎನ್ನುವ ಹೊನ್ನಾಳಿ ರೈತ ಸಿಗಲಾರ. ಈ ಎರಡೂ ತೀರ್ಪು ಕನ್ನಡ ಕಿವಿಗೆ ಒಗ್ಗುತ್ತವೆ.

ಈಗಿನ ಜಿಎಸ್‌ಟಿ ಅಧಿಸೂಚನೆಯನ್ನು ತೆರೆದರೆ ಬೇರೆಯೇ ಅನುಭವ. ಅಲ್ಲಿ ಮಂಡಕ್ಕಿಯ ವಿವರಣೆ ಹೀಗಿದೆ: ‘ಮುರಿ’ ಎಂದು ಸಾಮಾನ್ಯವಾಗಿ ಕರೆಯುವ ಉಬ್ಬಿದ ಅಕ್ಕಿ, ‘ಚಿರಾ’ ಎಂದು ಕರೆಯುವ ತಟ್ಟಿದ ಅಕ್ಕಿ, ‘ಖೋಯಿ’ ಎಂದು ಕರೆಯುವ ಅರಳು, ಬೆಲ್ಲ ಸವರಿದ್ದಾದರೆ ‘ಮುರ್ಕಿ’. ಸಾಮಾನ್ಯವಾಗಿ ಕರೆಯುವುದು ಎಲ್ಲಿ? ಬಂಗಾಳದ ಕಡೆ. ದಾವಣಗೆರೆ ಭಟ್ಟಿಯಲ್ಲಿ ‘ಎರಡು ಚೀಲ ಮುರಿ ಕೊಡಿ’ ಎಂದರೆ ಏನನ್ನು ಮುರಿಯಬೇಕು ಎಂದು ಕೇಳಿಯಾರು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ್ದಕ್ಕೆ ಶೇ 5 ತೆರಿಗೆ ಬಂತು, ಬಿಡಿ ಮಾರಾಟಕ್ಕೆ ಇಲ್ಲ. ಮಂಡಕ್ಕಿಗೂ ಇದೇ ನಿಯಮ, ಸಂಶಯವಿಲ್ಲ. ಆದರೂ ‘ಜನಸಾಮಾನ್ಯರ ಮಾತು’ ಎಂದು ಕಾನೂನು ಎತ್ತಿಕೊಂಡದ್ದು ಒಂದು ಸೀಮೆಯ ಮಾತನ್ನು ಮಾತ್ರ ಎಂಬುದು ಅಲ್ಲಿ ಬರೆದೇ ಇದೆ.

ಬೆಂಗಳೂರಿನ ಪರೋಟ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. 2020ರ ಮೇನಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ, ಪೊಟ್ಟಣದ ಪರೋಟ ರೊಟ್ಟಿ–ಚಪಾತಿಗಳ ಗುಂಪಿಗೆ ಸೇರದು, ಶೇ 18 ಕಟ್ಟಿ ಎಂದಿತು. ಅದನ್ನು ಮತ್ತೆ ಬಿಸಿ ಮಾಡಿದ ಮೇಲೆಯೇ ತಿನ್ನಬೇಕು ಎಂಬುದೂ ಒಂದು ಕಾರಣ. ದೇಶವೆಲ್ಲ ನಕ್ಕಿತು. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ಪರಾಠ, ಪರೋಟ, ‘ಯಾವ ಹೆಸರಿನಿಂದ ಕರೆದರೂ’ ಭಾರತೀಯ ರೊಟ್ಟಿಗಳಿಗೆ ತೆರಿಗೆ ಸೊನ್ನೆಯಾಯಿತು. ‘ಯಾವ ಹೆಸರಿನಿಂದ ಕರೆದರೂ’ ಎಂಬ ಮೂರು ಪದ ಬೀಳಲು ಐದು ವರ್ಷ ಹಿಡಿಯಿತು.

ಬಂಡಿದಾರಿಯಲ್ಲಿ ಟ್ರ್ಯಾಕ್ಟರ್

ತೆರಿಗೆಯ ವ್ಯಾಜ್ಯಗಳಲ್ಲಿ ಗೆದ್ದರೂ ಸೋತರೂ ಹಣದ ಮಾತು. ಜಮೀನಿನ ಕಾಗದಕ್ಕೆ ಬಂದರೆ ಪದಗಳ ಭಾರ ಇನ್ನೂ ಹೆಚ್ಚು.

ನ್ಯಾಮತಿ ಈಚಿನ ತಾಲ್ಲೂಕು, ಹೊನ್ನಾಳಿಯಿಂದ ಬೇರ್ಪಟ್ಟದ್ದು. ಹೊನ್ನಾಳಿ, ಚನ್ನಗಿರಿ ಎರಡೂ 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹಾಗಾಗಿ ನ್ಯಾಮತಿಯ ರೈತನ ಟ್ರಂಕಿನಲ್ಲಿರುವ ಅಜ್ಜನ ಕಾಲದ ಕ್ರಯಪತ್ರದಲ್ಲಿ ತಾಲ್ಲೂಕಿನ ಹೆಸರು ಬೇರೆ, ಜಿಲ್ಲೆಯ ಹೆಸರೂ ಬೇರೆ. ಹೆಸರು ಬದಲಾದರೂ ಹೊಲ ಜಾಗ ಬಿಟ್ಟು ಕದಲದಂತೆ ಹಿಡಿದಿಟ್ಟಿರುವುದು ಚಕ್ಕುಬಂದಿ. ಮೂಡಲಿಗೆ ಹಳ್ಳ, ಪಡುವಲಿಗೆ ಬಂಡಿದಾರಿ, ತೆಂಕಲಿಗೆ ದಾಯಾದಿಯ ಜಮೀನು, ಬಡಗಲಿಗೆ ಸರ್ಕಾರಿ ಖರಾಬು. ಪತ್ರ ಬರಹಗಾರರ ಈ ನಾಲ್ಕು ಸಾಲಿಗೆ ಕೋರ್ಟಿನಲ್ಲಿ ತೂಕವಿದೆ. ಪತ್ರದಲ್ಲಿ ವಿಸ್ತೀರ್ಣ ಒಂದು ಹೇಳಿ, ಖಚಿತವಾದ ಎಲ್ಲೆಗಳು ಇನ್ನೊಂದು ಹೇಳಿದರೆ ಸಾಮಾನ್ಯವಾಗಿ ಎಲ್ಲೆಗಳ ಮಾತೇ ಮೇಲು. ಎಲ್ಲೆ ಸರಿಯಿದ್ದು ನಂಬರ್ ತಪ್ಪಿದ್ದರೆ ಅದು ಬರವಣಿಗೆಯ ದೋಷವಷ್ಟೇ ಎಂದು ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ ಹೇಳಿದೆ. ಅಂಕಿ ಕಚೇರಿಯದು, ಚಕ್ಕುಬಂದಿ ಆ ನೆಲದಲ್ಲಿ ಓಡಾಡಿದವರದು.

ಅದೇ ಚಕ್ಕುಬಂದಿಯ ‘ಬಂಡಿದಾರಿ’ ಈಗ ತಗಾದೆಯ ಪದ. ಅದನ್ನು ಬರೆದ ಕಾಲಕ್ಕೆ ಎತ್ತಿನ ಗಾಡಿ ಹೋದರೆ ಸಾಕಿತ್ತು. ಇಂದು ಟ್ರ್ಯಾಕ್ಟರ್ ಹೋಗಬೇಕು, ಸುಗ್ಗಿಯಲ್ಲಿ ಭತ್ತ ಕೊಯ್ಯುವ ದೊಡ್ಡ ಯಂತ್ರ ಹೋಗಬೇಕು. ಬದುವಿನ ಆಚೆಯವನು ‘ಬಂಡಿಗೆ ದಾರಿ ಕೊಟ್ಟಿದ್ದು, ಮಿಷನ್ನಿಗಲ್ಲ’ ಎಂದು ಅಡ್ಡ ನಿಂತರೆ? 1882ರ ಅನುಭೋಗ ಹಕ್ಕುಗಳ ಕಾಯ್ದೆ, ದಾರಿ ಕೊಟ್ಟವರ ಉದ್ದೇಶವೇನಿತ್ತು ಎಂದು ಮೊದಲು ನೋಡುತ್ತದೆ. ಉದ್ದೇಶ ತಿಳಿಯಲು ಪುರಾವೆ ಇಲ್ಲದಿದ್ದರೆ ಒಂದು ಬಗೆಯ ದಾರಿಯ ಹಕ್ಕಿನೊಳಗೆ ಇನ್ನೊಂದು ಬಗೆಯದು ಸೇರದು ಎನ್ನುತ್ತದೆ.

ಕಾನೂನು ಪಂಡಿತರಿಗೆ ಇದು ಹಳೆಯ ಒಗಟು. ‘ಉದ್ಯಾನದೊಳಗೆ ವಾಹನ ತರಬಾರದು’ ಎಂಬ ಫಲಕ ಸೈಕಲ್ಲಿಗೂ ಆಟದ ಕಾರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಎತ್ತಿದರು, ಚರ್ಚೆ ಇನ್ನೂ ನಿಂತಿಲ್ಲ. ಪದಕ್ಕೆ ಗಟ್ಟಿಯಾದ ನಡುಭಾಗವೊಂದಿದೆ, ಸುತ್ತ ಮಬ್ಬಾದ ಅಂಚಿದೆ ಎಂದರು ಅವರು. 1931ರಲ್ಲಿ ಅಮೆರಿಕದ ನ್ಯಾಯಮೂರ್ತಿ ಹೋಮ್ಸ್, ಕದ್ದ ವಿಮಾನ ‘ಮೋಟಾರು ವಾಹನ’ದ ಅರ್ಥದೊಳಗೆ ಬರದು ಎಂದು ಆರೋಪಿಯನ್ನು ಬಿಟ್ಟಿದ್ದರು. ವಾಹನ ಎಂದಾಗ ಸಾಮಾನ್ಯರ ಕಣ್ಣಿಗೆ ಬರುವುದು ನೆಲದ ಮೇಲೆ ಓಡುವಂಥದ್ದು ಎಂಬುದು ಅವರ ಕಾರಣ.

ಬಂಡಿದಾರಿಗೆ ಮಾತ್ರ ನಮ್ಮ ಊರುಗಳಲ್ಲಿ ಪಂಡಿತರ ಒಗಟಿಗಿಂತ ಸ್ಪಷ್ಟವಾದ ಉತ್ತರವಿದೆ. ಕಾಲುದಾರಿ ಎಂದರೆ ತಲೆಹೊರೆ ಹೊತ್ತು ನಡೆಯಲು. ಬಂಡಿದಾರಿ ಎಂದರೆ ಗೊಬ್ಬರ ಒಳಗೆ ಬರಲು, ಫಸಲು ಹೊರಗೆ ಹೋಗಲು. ಬಂಡಿ ಬಂದದ್ದು ಆ ಕೆಲಸಕ್ಕೆ, ಟ್ರ್ಯಾಕ್ಟರ್ ಬರುವುದೂ ಅದೇ ಕೆಲಸಕ್ಕೆ. ಹೀಗೆ ಹೇಳಬಲ್ಲ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಕಾಯ್ದೆ ಕೇಳುವ ಪುರಾವೆ ಅವರ ಮಾತೇ. ಅವರನ್ನು ಸಾಕ್ಷಿಕಟ್ಟೆ ಹತ್ತಿಸದಿದ್ದರೆ ಉಳಿಯುವುದು ನಿಘಂಟಿನ ‘ಬಂಡಿ’ ಮಾತ್ರ.

ಖೇಣಿಯೋ, ಗುತ್ತಿಗೆಯೋ

ಅಡಿಕೆ ಸೀಮೆಯ ಇನ್ನೊಂದು ಪದ ಖೇಣಿ. ಕೆಲವು ಕಡೆ ಚೇಣಿ. ಕೊಯ್ಲಿಗೆ ಮೊದಲು ಖೇಣಿದಾರ ತೋಟಕ್ಕೆ ಬರುತ್ತಾನೆ, ಗೊನೆ ನೋಡಿ ಅಂದಾಜು ಹಾಕುತ್ತಾನೆ, ಮಾತು ಕುದುರುತ್ತದೆ. ಇಡೀ ತೋಟಕ್ಕೆ ಇಷ್ಟೆಂದು ಆಗಬಹುದು, ಒಂದು ಕ್ವಿಂಟಲ್ ಹಸಿ ಕಾಯಿಗೆ ಇಷ್ಟು ಕೆ.ಜಿ. ಒಣ ಅಡಿಕೆ ಎಂದೂ ಆಗಬಹುದು. ಮರ ಹತ್ತಿಸುವುದು, ಸುಲಿಸುವುದು, ಬೇಯಿಸುವುದು ಅವನ ಪಾಲಿಗೆ. ನೀರು, ಗೊಬ್ಬರ, ಬೇಸಾಯ ತೋಟದವರದು.

‘ತೋಟ ಖೇಣಿಗೆ ಕೊಟ್ಟೆ’ ಎಂದು ರೈತ ಹೇಳುವಾಗ ಅವನು ಕೊಟ್ಟದ್ದು ಆ ವರ್ಷದ ಫಸಲನ್ನು, ನೆಲವನ್ನಲ್ಲ. ಇದು ಅವನಿಗೂ ಗೊತ್ತು, ಖೇಣಿದಾರನಿಗೂ ಗೊತ್ತು. ಕಾನೂನಿನಲ್ಲೂ ಇದಕ್ಕೆ ಜಾಗವಿದೆ. ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನಿಂತ ಬೆಳೆ ಸ್ಥಿರಾಸ್ತಿಯಲ್ಲ. ಸರಕು ಮಾರಾಟ ಕಾಯ್ದೆಯಲ್ಲಿ ಅದು ‘ಸರಕು’. ಆದರೆ ಕರಾರು ಟೈಪು ಮಾಡುವವರು ಕೈಗೆ ಬಂದ ಹಳೇ ಮಾದರಿ ನೋಡಿ ‘ಸದರಿ ಸ್ವತ್ತನ್ನು ಗುತ್ತಿಗೆಗೆ ನೀಡಿ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ’ ಎಂದು ಹೊಡೆದುಬಿಟ್ಟರೆ? ‘ಗುತ್ತಿಗೆ’, ‘ಸ್ವಾಧೀನ’ ಎರಡಕ್ಕೂ ಕಾನೂನಿನಲ್ಲಿ ಬೇರೆ ತೂಕವಿದೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಪ್ರಕರಣ, ಸೈನಿಕರಂಥ ಕೆಲವರನ್ನು ಬಿಟ್ಟು, ಕೃಷಿ ಜಮೀನನ್ನು ಗುತ್ತಿಗೆ ಕೊಡುವುದನ್ನೇ ನಿಷೇಧಿಸಿದೆ.

ಈ ಕಾಯ್ದೆಯಲ್ಲಿ ಮಾತಿನ ಬೆಲೆ ಏನೆಂದು ಈ ಸೀಮೆ ಒಮ್ಮೆ ಕಂಡಿದೆ. 1974ರ ಮಾರ್ಚ್ 1ರಂದು ತಿದ್ದುಪಡಿ ಜಾರಿಗೆ ಬಂದ ಮೇಲೆ ಗೇಣಿದಾರರು 7ನೇ ನಮೂನೆಯ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಗಳ ಮುಂದೆ ನಿಂತರು. ಜಮೀನು ಉಳುತ್ತಿದ್ದವನು ಗೇಣಿದಾರನೋ, ಸಂಬಳದ ಆಳೋ, ಮನೆಯ ಸದಸ್ಯನೋ ಎಂಬುದು ಅಲ್ಲಿನ ಪ್ರಶ್ನೆ. ಗೇಣಿದಾರನಾದರೆ ಭೂಮಿ ಅವನದು, ಆಳಾದರೆ ಬರಿಗೈ. ಪಾಲಿಗೆ, ಕೋರಿಗೆ, ಲಾವಣಿಗೆ ಮಾಡಿದೆ ಎಂಬ ಮಾತುಗಳ ಹಿಂದಿನ ಸಂಬಂಧವನ್ನು ಬಿಡಿಸಿ ಹೇಳಬಲ್ಲವನು ಗೆದ್ದ. ‘ಅವರ ಮನೇಲಿ ದುಡೀತಿದ್ದೆ’ ಎಂದು ವಿನಯಕ್ಕೆ ಹೇಳಿದ ಒಂದು ಮಾತು ಕೂಲಿಯಾಳು ಎಂದು ದಾಖಲಾಗುವ ಅಪಾಯವೂ ಇತ್ತು.

ಕಾಗದದ ತಲೆಬರಹಕ್ಕಿಂತ ವ್ಯವಹಾರದ ತಿರುಳು ಮುಖ್ಯ ಎಂದು ಸುಪ್ರೀಂ ಕೋರ್ಟ್ 1959ರ ದೆಹಲಿ ಹೋಟೆಲ್ ಪ್ರಕರಣದಲ್ಲೇ ಹೇಳಿದೆ. ಆದರೂ ತಿರುಳನ್ನು ಕಾಗದವೇ ಹೇಳಿದರೆ ವಕೀಲರ ಫೀಸು ಉಳಿಯುತ್ತದೆ.

ಜಗಳೂರು: ನೀರಿಲ್ಲದ ಕೆರೆ, ಬದಲಾದ ಹೆಸರು

ಜಗಳೂರು ಬರದ ತಾಲ್ಲೂಕು. ಶೇಂಗಾ, ಮೆಕ್ಕೆಜೋಳದ ಬಯಲು. ಶೇಂಗಾ ಕೂಡ ಕೋರ್ಟು ಹತ್ತಿದ ಕಾಳು. 1951ರಲ್ಲಿ ಕೆನಡಾದಲ್ಲಿ ಹುರಿದ ಉಪ್ಪು ಶೇಂಗಾ ಹಣ್ಣೋ ತರಕಾರಿಯೋ ಎಂಬ ಪ್ರಶ್ನೆ ಬಂದಾಗ, ರಾತ್ರಿ ಊಟಕ್ಕೆ ಹಣ್ಣು ತರಕಾರಿ ತಾ ಎಂದು ಕಳಿಸಿದರೆ ಯಾರಾದರೂ ಶೇಂಗಾ ತಂದಾರೆಯೇ ಎಂದು ನ್ಯಾಯಾಧೀಶರು ಕೇಳಿ ಮೊಕದ್ದಮೆ ಮುಗಿಸಿದ್ದರು. ಆ ಪ್ರಶ್ನೆಯನ್ನು ಭಾರತದ ತೀರ್ಪುಗಳೂ ಎತ್ತಿ ಆಡಿವೆ.

ಇಲ್ಲಿನ ದೊಡ್ಡ ಪ್ರಶ್ನೆ ಕೆರೆಯದು. ವರ್ಷಗಟ್ಟಲೆ ನೀರು ನಿಲ್ಲದ ಕೆರೆ ಕೆರೆಯೇ? ಒಣಗಿದ ಅಂಗಳದಲ್ಲಿ ಜಾಲಿ ಬೆಳೆದು, ಅಂಚಿನಲ್ಲಿ ಒತ್ತುವರಿಯಾದ ಮೇಲೆ ‘ಇಲ್ಲೆಲ್ಲಿ ಕೆರೆ ಇದೆ’ ಎಂದು ಕೇಳುವುದು ಸುಲಭ. ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಈ ಬಾಗಿಲನ್ನು ಮುಚ್ಚಿತು. ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಬೇರಾವ ಹೆಸರಿನಿಂದ ನಮೂದಾಗಿದ್ದರೂ ಅದು ಕೆರೆ, ರಾಜಕಾಲುವೆಯೂ ಏರಿಯೂ ತೂಬೂ ಅದರಲ್ಲಿ ಸೇರಿದ್ದು ಎಂದಿತು. ಇಂಗ್ಲಿಷ್ ಪಠ್ಯದಲ್ಲೂ ಕೆರೆ, ಕುಂಟೆ, ಕಟ್ಟೆ ಎಂಬ ಪದಗಳೇ ಇವೆ. ‘ಲೇಕ್’ ಎಂಬ ಒಂದೇ ಪದವನ್ನು ನಂಬಿಕೊಂಡಿದ್ದರೆ ಜಗಳೂರಿನ ಎಷ್ಟೋ ಕೆರೆಗಳು ಕಾನೂನಿನ ಕಣ್ಣಿಗೆ ಬೀಳುತ್ತಿರಲಿಲ್ಲ. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಭಾಗದ 57 ಕೆರೆ ತುಂಬಿಸುವ ಯೋಜನೆ ರೂಪುಗೊಂಡಾಗ, ತುಂಬಿಸಲು ಕೆರೆಯ ಅಂಗಳ ಉಳಿದಿರಬೇಕಿತ್ತಲ್ಲ. ಊರಿನ ಪದವನ್ನು ಕಾಯ್ದೆಯೊಳಗೇ ಬರೆದರೆ ಎಷ್ಟು ಗಟ್ಟಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಕೆರೆಗಿಂತ ಸೂಕ್ಷ್ಮವಾದದ್ದು ಜನಗಳ ಹೆಸರು. ಹಳೆ ಮೈಸೂರು ಸಂಸ್ಥಾನದಲ್ಲಿ ಕಲ್ಲು, ಮಣ್ಣಿನ ಕೆಲಸದಲ್ಲಿ ಹೆಸರಾದ ಸಮುದಾಯವನ್ನು ಒಡ್ಡರು ಎನ್ನುತ್ತಿದ್ದರು. ಸಮುದಾಯದ ಬೇಡಿಕೆಯಂತೆ 1946ರಲ್ಲಿ ಮೈಸೂರು ಸರ್ಕಾರ ಆ ಹೆಸರನ್ನು ‘ಭೋವಿ’ ಎಂದು ಬದಲಿಸಿತು. 1950ರ ರಾಷ್ಟ್ರಪತಿ ಆದೇಶದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ‘ಭೋವಿ’ ಬಂತು, ‘ಒಡ್ಡರ್’ ಬರಲಿಲ್ಲ. 1962ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಮೀಸಲು ಕ್ಷೇತ್ರದಲ್ಲಿ ಗೆದ್ದ ಮುನಿಚಿನ್ನಪ್ಪನವರು ಒಡ್ಡರು, ಪಟ್ಟಿಯಲ್ಲಿಲ್ಲ ಎಂದು ಬಿ. ಬಸವಲಿಂಗಪ್ಪ ಕೋರ್ಟಿಗೆ ಹೋದರು. ಪಟ್ಟಿಯ ಪದಕ್ಕೆ ಹೊರಗಿನ ಸಾಕ್ಷ್ಯ ತಂದು ಅರ್ಥ ಹಚ್ಚುವಂತಿಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಬೇರೆ ದಾರಿ ಹಿಡಿಯಬೇಕಾಯಿತು. ಆ ಹೊತ್ತಿನ ಮೈಸೂರಿನಲ್ಲಿ ಭೋವಿ ಎಂಬ ಬೇರೆ ಜಾತಿ ಇರಲೇ ಇಲ್ಲ, ಹಾಗಾದರೆ ಪಟ್ಟಿ ಹೇಳಿದ್ದು ಯಾರನ್ನು ಎಂದು ಕೇಳಿಕೊಂಡು, ಸಾಕ್ಷ್ಯ ನೋಡಿ, ಒಡ್ಡರನ್ನೇ ಎಂದಿತು. ಮುನಿಚಿನ್ನಪ್ಪನವರ ಗೆಲುವು ಉಳಿಯಿತು.

ಆ ಬಾಗಿಲು ಆಮೇಲೆ ಬಿಗಿಯಾಯಿತು. 2000ದ ನವೆಂಬರಿನಲ್ಲಿ ಮಹಾರಾಷ್ಟ್ರದ ‘ಹಲ್ಬಾ ಕೋಷ್ಟಿ’ ಪ್ರಕರಣದಲ್ಲಿ ಸಂವಿಧಾನ ಪೀಠ, ಪಟ್ಟಿಯನ್ನು ಇದ್ದಂತೆಯೇ ಓದಬೇಕು, ಸಮಾನಾರ್ಥಕ ಸೇರಿಸುವ ಅಧಿಕಾರ ಸಂಸತ್ತಿನದು ಮಾತ್ರ ಎಂದಿತು. ಕರ್ನಾಟಕದಲ್ಲಿ ನಾಯಕ ಸಮುದಾಯ ನಡೆದ ಹಾದಿಯೂ ಸಂಸತ್ತಿನದೇ. 1991ರ ತಿದ್ದುಪಡಿ ನಾಯಕ, ಬೇಡ, ಬೇಡರ್, ವಾಲ್ಮೀಕಿ ಹೆಸರುಗಳನ್ನು ಒಟ್ಟಿಗೆ ಪಟ್ಟಿಗೆ ತಂದಿತು. ಪರಿವಾರ, ತಳವಾರ ಸೇರಿದ್ದು 2020ರಲ್ಲಿ. ಜಗಳೂರು ಇಂದು ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಊರಿನವರು ಒಬ್ಬರನ್ನೊಬ್ಬರು ಕರೆಯುತ್ತಿದ್ದ ಹೆಸರಿಗೂ ಪಟ್ಟಿಯ ಹೆಸರಿಗೂ ನಡುವಿನ ಅಂತರದಲ್ಲಿ ಪ್ರಮಾಣಪತ್ರ, ಹಾಸ್ಟೆಲ್ ಸೀಟು, ನೌಕರಿ ಎಲ್ಲ ಸಿಕ್ಕಿಕೊಳ್ಳುತ್ತವೆ. ಇಂಥ ಕಡೆ ಆಡುಮಾತನ್ನು ನಂಬಿದರೆ ಅಪಾಯವೂ ಇದೆ. ಹೆಸರಿನ ಹೋಲಿಕೆ ಹಿಡಿದು ಯಾರು ಬೇಕಾದರೂ ಒಳನುಗ್ಗಬಹುದು. ನ್ಯಾಯಾಲಯದ ಬಿಗಿಗೆ ಕಾರಣವಿಲ್ಲದಿಲ್ಲ. ಆದರೆ ಅದರ ಬೆಲೆಯನ್ನು ದಶಕಗಳ ಕಾಲ ಕಾದವರು ಕಟ್ಟಿದರು.

ಬಳಸದೇ ಬಿಟ್ಟ ಪ್ರಕರಣ

ಹಾಗಾದರೆ ಜನರ ಮಾತನ್ನು ಕೋರ್ಟು ತಿಳಿಯುವುದು ಹೇಗೆ? ಹೆಚ್ಚಿನ ತೀರ್ಪುಗಳಲ್ಲಿ ನ್ಯಾಯಮೂರ್ತಿಗಳು ತಮ್ಮ ಅನುಭವವನ್ನೋ ನಿಘಂಟನ್ನೋ ನೆಚ್ಚುತ್ತಾರೆ. ತೆಂಗಿನೆಣ್ಣೆಯ ಸಣ್ಣ ಬಾಟಲಿ ಅಡುಗೆಯದೋ ಕೂದಲಿನದೋ ಎಂದು ತೀರ್ಮಾನಿಸಲು ವರ್ಷಾನುಗಟ್ಟಲೆ ಹಿಡಿಯಿತು, 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಅಡುಗೆಯದು ಎಂದಿತು. ಕರಾವಳಿಯ ಅಡುಗೆಮನೆಯಲ್ಲಿ ಕೇಳಿದ್ದರೆ ಒಂದು ಉತ್ತರ, ಜಗಳೂರಿನಲ್ಲಿ ಕೇಳಿದ್ದರೆ ಇನ್ನೊಂದು. ‘ಸಾಮಾನ್ಯ ಮನುಷ್ಯ’ ಎಂಬ ಒಬ್ಬನೇ ಮನುಷ್ಯ ಎಲ್ಲಿಯೂ ಇಲ್ಲ.

ಇದನ್ನು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ 1872ರಲ್ಲೇ ಅರಿತಿದ್ದ. ಆತ ಬರೆದ ಭಾರತೀಯ ಸಾಕ್ಷ್ಯ ಕಾಯ್ದೆಯ 49ನೇ ಪ್ರಕರಣ ಹೇಳಿದ್ದು ಇಷ್ಟು: ಒಂದು ಪ್ರದೇಶದಲ್ಲಿ ಅಥವಾ ಒಂದು ವರ್ಗದ ಜನರಲ್ಲಿ ಬಳಕೆಯಾಗುವ ಪದದ ಅರ್ಥ ಏನೆಂದು ನಿರ್ಧರಿಸಬೇಕಾದಾಗ, ಅದನ್ನು ಬಲ್ಲವರ ಅಭಿಪ್ರಾಯ ಸಾಕ್ಷ್ಯವಾಗುತ್ತದೆ. 98ನೇ ಪ್ರಕರಣ ಇನ್ನೂ ಮುಂದೆ ಹೋಗಿ, ಪತ್ರದಲ್ಲಿರುವ ಸ್ಥಳೀಯ, ಹಳೆಯ, ಪ್ರಾಂತೀಯ ಪದಗಳಿಗೂ ಸಂಕ್ಷೇಪಗಳಿಗೂ ಸಾಕ್ಷ್ಯ ಕೊಟ್ಟು ಅರ್ಥ ಹೇಳಬಹುದು ಎಂದಿತು. 2024ರ ಜುಲೈ 1ರಿಂದ ಅದರ ಬದಲಿಗೆ ಜಾರಿಯಾದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಎರಡು ನಿಯಮ ಉಳಿದಿವೆ. ಅಂದರೆ ಖೇಣಿ ಏನೆಂದು ಹೇಳಲು ಬೆಳೆಗಾರನೇ ತಜ್ಞ. ಗೊರಬಲು ಏನೆಂದು ಹೇಳಲು ಮಂಡಿಯ ಗುಮಾಸ್ತ ತಜ್ಞ. ಬೆರಳಚ್ಚು ತಜ್ಞ ಕೂರುವ ಸಾಕ್ಷಿಕಟ್ಟೆಯಲ್ಲೇ ಇವರಿಗೂ ಜಾಗವಿದೆ.

ತಾಲ್ಲೂಕು ಕೋರ್ಟಿನಲ್ಲಿ ಕನ್ನಡ ಓಡಾಡುತ್ತದೆ. ಮೇಲೆ ಹೋದಂತೆ ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್, ಕಾಯ್ದೆಯ ಅಧಿಕೃತ ಪಠ್ಯವೂ ಇಂಗ್ಲಿಷ್. ಮೇಲ್ಮನವಿಯಲ್ಲಿ ಖೇಣಿ ‘ಲೀಸ್’ ಆಗಿ, ಬಂಡಿದಾರಿ ‘ಕಾರ್ಟ್ ಟ್ರ್ಯಾಕ್’ ಆಗಿ, ಕಟ್ಟೆ ‘ಪಾಂಡ್’ ಆಗಿ ಹೋಗುತ್ತವೆ. ಅರ್ಥ ಸೋರುವುದು ಅಲ್ಲಿ. ಕೆಳಗಿನ ಕೋರ್ಟಿನಲ್ಲೇ ಆ ಪದಕ್ಕೆ ಸಾಕ್ಷ್ಯ ದಾಖಲಾಗಿದ್ದರೆ ಮೇಲಿನವರು ಅದನ್ನು ದಾಟಿ ಹೋಗುವುದು ಸುಲಭವಲ್ಲ. ದಾಖಲಾಗದಿದ್ದರೆ ಅವರ ಮುಂದಿರುವುದು ಅನುವಾದ ಮಾತ್ರ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಪತ್ರ ಬರಹಗಾರರ ಮೇಜಿನಿಂದ. ಖೇಣಿ ಕರಾರಿಗೆ ಖೇಣಿ ಎಂದೇ ಬರೆಯಿರಿ. ಅದರ ಕೆಳಗೆ ಯಾರು ನೀರು ಬಿಡುತ್ತಾರೆ, ಯಾರು ಮರ ಹತ್ತಿಸುತ್ತಾರೆ, ಯಾವ ಕೊಯ್ಲಿನವರೆಗೆ, ತೋಟ ಯಾರ ಕೈಯಲ್ಲಿ ಉಳಿಯುತ್ತದೆ ಎಂಬ ನಾಲ್ಕು ಸಾಲು ಸೇರಿಸಿ. ದಾರಿ ಬಿಟ್ಟುಕೊಡುವಾಗ ಎಷ್ಟು ಅಡಿ ಅಗಲ, ಯಾವ ಯಾವ ಕೆಲಸಕ್ಕೆ ಎಂದು ನಮೂದಿಸಿ. ವ್ಯಾಜ್ಯ ಬಂದೇ ಬಂದರೆ ವಕೀಲರು ನಿಘಂಟಿನ ಪುಟದ ಜೆರಾಕ್ಸ್ ಹಾಜರುಪಡಿಸುವ ಮೊದಲು ಊರಿನ ಇಬ್ಬರು ಹಿರಿಯರನ್ನು ಸಾಕ್ಷಿಪಟ್ಟಿಗೆ ಸೇರಿಸಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವೆ. ಒಂದು ಪದಕ್ಕೆ ಹೋದ ಜಮೀನೂ ಅಷ್ಟು ಸುಲಭಕ್ಕೆ ಬರುವುದಿಲ್ಲ. ಊರಿನ ಮಾತಿಗೆ ಕಾನೂನು ಸಾಕ್ಷಿಕಟ್ಟೆ ಹಾಕಿಕೊಟ್ಟು 150 ವರ್ಷ ದಾಟಿತು. ಅದನ್ನು ಹತ್ತುವ ಕೆಲಸ ಈ ತಾಲ್ಲೂಕುಗಳವರದೇ.